ಲೀಟರಿಗೆ 52 ಕಿಲೋಮೀಟರ್ ಎಂಬ ಲೆಕ್ಕ

2013ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಕಾರು ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು ಅಲ್ಲಿನ ಜನ ಸಾಮಾನ್ಯವಾಗಿ ಕೊಳ್ಳುವ ಚಿಕ್ಕ ಕಾರಲ್ಲ. ಜಪಾನಿನಲ್ಲಿ ತಯಾರಾದ, 1,800 ಕಿಲೋ ತೂಗುವ ಎಸ್‌ಯುವಿ: ಮಿತ್ಸುಬಿಷಿ ಔಟ್‌ಲ್ಯಾಂಡರ್ ಪಿಎಚ್‌ಇವಿ, ಅಂದರೆ ಗೋಡೆಯ ಸಾಕೆಟ್ಟಿನಿಂದಲೂ ಚಾರ್ಜ್ ಮಾಡಬಲ್ಲ ಪ್ಲಗ್-ಇನ್ ಹೈಬ್ರಿಡ್. ಹೊಸ ವರ್ಷ ಹುಟ್ಟುವುದರೊಳಗೆ ನೋಂದಣಿ ಆಗಿಬಿಡಬೇಕೆಂದು ಜನ ಮುಗಿಬಿದ್ದಿದ್ದರು. ಕಾರಣ ತೆರಿಗೆ. ಕಂಪನಿ ಕೊಟ್ಟ ಕಾರನ್ನು ಸ್ವಂತ ಓಡಾಟಕ್ಕೂ ಬಳಸುವ ನೌಕರರಿಗೆ ಅಲ್ಲಿ ಕಾರಿನ ಬೆಲೆಯ ಒಂದಂಶವನ್ನು ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಕಿಲೋಮೀಟರಿಗೆ 50 ಗ್ರಾಂಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಉಗುಳುವ ಕಾರನ್ನು 2013 ಮುಗಿಯುವ ಮೊದಲು ನೋಂದಾಯಿಸಿದರೆ ಆ ಸೇರ್ಪಡೆ ಸೊನ್ನೆ. ಔಟ್‌ಲ್ಯಾಂಡರ್‌ನ ಅಧಿಕೃತ ಅಂಕಿ 44 ಗ್ರಾಂ.

ಅದೇ ಅಂಕಿಯನ್ನು ಮೈಲೇಜಿಗೆ ತಿರುಗಿಸಿದರೆ 100 ಕಿಲೋಮೀಟರಿಗೆ 1.9 ಲೀಟರ್ ಪೆಟ್ರೋಲ್. ಅಂದರೆ ಲೀಟರಿಗೆ 52 ಕಿಲೋಮೀಟರ್ ದಾಟುತ್ತದೆ. ಐದು ಜನ, ಅವರ ಸೂಟ್‌ಕೇಸುಗಳು, ನಾಲ್ಕೂ ಚಕ್ರಗಳಿಗೆ ಶಕ್ತಿ, ಇಷ್ಟೆಲ್ಲ ಇದ್ದೂ ನಮ್ಮೂರಿನ ಬೈಕಿನ ಮೈಲೇಜು. ಈ ಸಂಖ್ಯೆ ಎಲ್ಲಿಂದ ಬಂತು, ಎಷ್ಟು ನಿಜ ಎಂದು ತಿಳಿಯಲು ಮೊದಲು ಬಾನೆಟ್ಟಿನ ಕೆಳಗೆ ನೋಡಬೇಕು.

ಬಾನೆಟ್ಟಿನ ಕೆಳಗಿದ್ದದ್ದು 2 ಲೀಟರಿನ ಸಾಧಾರಣ ಪೆಟ್ರೋಲ್ ಎಂಜಿನ್, ಯುರೋಪಿನ ಮಾದರಿಯಲ್ಲಿ 121 ಪಿಎಸ್. ಅದರ ಜೊತೆಗೆ ಎರಡು ವಿದ್ಯುತ್ ಮೋಟರುಗಳು: ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಹಿಂದಿನ ಚಕ್ರಗಳಿಗೆ, ತಲಾ 60 ಕಿಲೋವ್ಯಾಟ್. ನೆಲಹಾಸಿನ ಕೆಳಗೆ, ಎರಡು ಆಕ್ಸಲ್‌ಗಳ ನಡುವೆ 12 ಕಿಲೋವ್ಯಾಟ್-ಅವರ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿ. ಕರೆಂಟ್ ಬಿಲ್ಲಿನ ಭಾಷೆಯಲ್ಲಿ 12 ಯೂನಿಟ್. ಪೆಟ್ರೋಲ್ ಟ್ಯಾಂಕು 45 ಲೀಟರಿನದು. ಸೊನ್ನೆಯಿಂದ 100 ಕಿಲೋಮೀಟರ್ ವೇಗಕ್ಕೆ 11 ಸೆಕೆಂಡ್, ಗರಿಷ್ಠ ವೇಗ ಗಂಟೆಗೆ 170. ಓಟದಲ್ಲಿ ಮಿಂಚುವ ಕಾರೇನಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು, ವಾರಾಂತ್ಯಕ್ಕೆ ಊರಿಗೆ ಹೋಗಿಬರುವ ಸಂಸಾರಸ್ಥರ ಗಾಡಿ.

ಇದರಲ್ಲಿ ಎರಡು ಸಂಗತಿ ಇರಲೇ ಇಲ್ಲ. ಒಂದು, ನಾವು ತಿಳಿದಿರುವಂಥ ಗೇರ್‌ಬಾಕ್ಸ್. ಎರಡು, ಮುಂದಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಹಿಂದಿನ ಚಕ್ರಗಳಿಗೆ ತಮ್ಮದೇ ಮೋಟರ್ ಇರುವಾಗ ಶಾಫ್ಟ್ ಯಾಕೆ ಬೇಕು? ಕೆಸರಿನಲ್ಲೋ ಹಿಮದಲ್ಲೋ ಒಂದು ಚಕ್ರ ಜಾರಿದರೆ ಕಂಪ್ಯೂಟರ್ ತಕ್ಷಣ ಎರಡೂ ಮೋಟರುಗಳ ಬಲವನ್ನು ಹೊಂದಿಸುತ್ತದೆ. ಈ ಅನುಕೂಲಕ್ಕೆ ತೆತ್ತ ಬೆಲೆಯೂ ಇತ್ತು. ಹಿಂದಿನ ಮೋಟರಿಗೆ ಜಾಗ ಬಿಡಬೇಕಾಗಿ ಬಂದು ಮೂರನೇ ಸಾಲಿನ ಸೀಟು ಹೋಯಿತು. ಡೀಸೆಲ್ ಔಟ್‌ಲ್ಯಾಂಡರ್‌ನಲ್ಲಿ ಏಳು ಜನ ಕೂರಬಹುದಾದರೆ ಇದರಲ್ಲಿ ಐದೇ ಜನ.

ಓಡುವಾಗ ಕಾರು ಮೂರು ರೀತಿಯಲ್ಲಿ ಕೆಲಸ ಮಾಡುತ್ತದೆ, ಯಾವಾಗ ಯಾವುದೆಂದು ತಾನೇ ನಿರ್ಧರಿಸುತ್ತದೆ. ಬ್ಯಾಟರಿ ತುಂಬಿದ್ದರೆ ಎಂಜಿನ್ ಮಲಗಿಯೇ ಇರುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದವರೆಗೂ ಮೋಟರುಗಳೇ ಸಾಕು. ಬ್ಯಾಟರಿ ಇಳಿದಾಗ, ಅಥವಾ ಏರು ಹತ್ತಲು ಆಕ್ಸಿಲರೇಟರ್ ಒತ್ತಿ ತುಳಿದಾಗ ಎಂಜಿನ್ ಚಾಲೂ ಆಗುತ್ತದೆ, ಆದರೆ ಆಗಲೂ ಅದು ಚಕ್ರ ತಿರುಗಿಸುವುದಿಲ್ಲ. ಜನರೇಟರ್ ತಿರುಗಿಸಿ ಮೋಟರುಗಳಿಗೆ ಕರೆಂಟ್ ಒದಗಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಮಾತ್ರ, ಪೆಟ್ರೋಲ್ ಎಂಜಿನ್ ತನ್ನ ಅತ್ಯುತ್ತಮ ದಕ್ಷತೆಯಲ್ಲಿ ದುಡಿಯುವ ಹಂತದಲ್ಲಿ, ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಮುಂದಿನ ಚಕ್ರಗಳಿಗೆ ಹೆಗಲು ಕೊಡುತ್ತದೆ. ಒಳಗೆ ಕೂತವರಿಗೆ ಇದಾವುದೂ ಗೊತ್ತಾಗುವುದಿಲ್ಲ. ದೂರದಲ್ಲೆಲ್ಲೋ ಎಂಜಿನ್ನಿನ ಸಣ್ಣ ಗುನುಗು ಕೇಳಿದರೆ ಕೇಳೀತು.

ಸ್ಟೀರಿಂಗ್ ಹಿಂದೆ ಎರಡು ಪುಟ್ಟ ಪ್ಯಾಡಲ್‌ಗಳಿವೆ. ಬೇರೆ ಕಾರುಗಳಲ್ಲಿ ಅವು ಗೇರ್ ಬದಲಿಸಲು. ಇಲ್ಲಿ ಬ್ರೇಕಿನ ಬಿಗಿ ಬದಲಿಸಲು. ಬಿ0ಯಿಂದ ಬಿ5ರವರೆಗೆ ಆರು ಹಂತ. ಬಿ0ಯಲ್ಲಿ ಕಾಲು ತೆಗೆದರೆ ಕಾರು ತನ್ನ ಪಾಡಿಗೆ ಉರುಳುತ್ತ ಹೋಗುತ್ತದೆ. ಬಿ5ಕ್ಕೆ ಹಾಕಿದರೆ ಆಕ್ಸಿಲರೇಟರಿನಿಂದ ಕಾಲೆತ್ತಿದ ಕೂಡಲೇ ಮೋಟರುಗಳು ಜನರೇಟರುಗಳಾಗಿ ವೇಗವನ್ನು ಹಿಡಿದು ನಿಲ್ಲಿಸುತ್ತವೆ, ಆ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಘಟ್ಟ ಇಳಿಯುವಾಗ ಡಯಲಿನಲ್ಲಿ ಬ್ಯಾಟರಿಯ ಮಟ್ಟ ಮೆಲ್ಲಗೆ ಮೇಲೇರುವುದನ್ನು ನೋಡಿದ ಚಾಲಕನಿಗೆ ಬ್ರೇಕ್ ಪೆಡಲ್ ತುಳಿಯಲು ಮನಸ್ಸೇ ಬರುವುದಿಲ್ಲ. ಇಡೀ ಕಾರಿನಲ್ಲಿ ಅತ್ಯಂತ ಬುದ್ಧಿವಂತಿಕೆಯ ಸೌಲಭ್ಯ ಇದೇ.

ಆದರೂ ಆರಂಭ ಸಲೀಸಾಗಿರಲಿಲ್ಲ. ಜಪಾನಿನಲ್ಲಿ 2013ರ ಜನವರಿಯಲ್ಲಿ ಮಾರಾಟ ಶುರುವಾಗಿತ್ತು. ಮಾರ್ಚ್‌ನಲ್ಲಿ ಒಂದು ಕಾರಿನ ಬ್ಯಾಟರಿ ವಿಪರೀತ ಕಾದು ಕರಗಿತು. ತನಿಖೆ ನಡೆಸಿದಾಗ ತಪ್ಪು ಕಂಡುಬಂದದ್ದು ಸೆಲ್‌ಗಳನ್ನು ತಯಾರಿಸಿದ ಮೇಲೆ ನಡೆಸುತ್ತಿದ್ದ ತಪಾಸಣೆಯಲ್ಲೇ: ಅಲ್ಲಿ ಸೆಲ್‌ಗಳಿಗೆ ಬೀಳುತ್ತಿದ್ದ ಏಟು ಅತಿಯಾಗಿತ್ತು. ತಯಾರಿಕೆ ನಿಂತು ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು.

ಇನ್ನು 52ರ ಲೆಕ್ಕ. ಅಂದಿನ ಯುರೋಪಿನ ಪರೀಕ್ಷಾ ನಿಯಮ ಪ್ಲಗ್-ಇನ್ ಹೈಬ್ರಿಡ್‌ಗೆ ಎರಡು ಓಟ ಗೊತ್ತು ಮಾಡಿತ್ತು. ತುಂಬಿದ ಬ್ಯಾಟರಿಯಲ್ಲಿ ಒಂದು, ಖಾಲಿ ಬ್ಯಾಟರಿಯಲ್ಲಿ ಒಂದು. ಔಟ್‌ಲ್ಯಾಂಡರ್ ಪ್ರಯೋಗಾಲಯದಲ್ಲಿ ಕರೆಂಟಿನಲ್ಲೇ 52 ಕಿಲೋಮೀಟರ್ ಓಡಿತು, ಹನಿ ಪೆಟ್ರೋಲ್ ಸುಡಲಿಲ್ಲ. ಖಾಲಿ ಬ್ಯಾಟರಿಯಲ್ಲಿ 100 ಕಿಲೋಮೀಟರಿಗೆ 5.8 ಲೀಟರ್ ಕುಡಿಯಿತು. ನಿಯಮ ಮಾಡಿದ ಊಹೆ ಇದು: ಮಾಲೀಕ ಒಂದು ಸಲ ಚಾರ್ಜ್ ಮಾಡಿ ಬ್ಯಾಟರಿ ಮುಗಿಸುತ್ತಾನೆ, ಆಮೇಲೆ ಸರಾಸರಿ 25 ಕಿಲೋಮೀಟರ್ ಮಾತ್ರ ಪೆಟ್ರೋಲಿನಲ್ಲಿ ಓಡಿಸಿ ಮತ್ತೆ ಚಾರ್ಜಿಗೆ ಹಾಕುತ್ತಾನೆ. 52 ಮತ್ತು 25 ಸೇರಿ 77. ಆ 77ರಲ್ಲಿ ಪೆಟ್ರೋಲ್ ಬಳಕೆ 25 ಕಿಲೋಮೀಟರಿಗಷ್ಟೇ. 5.8ನ್ನು 25ರಿಂದ ಗುಣಿಸಿ 77ರಿಂದ ಭಾಗಿಸಿದರೆ 1.88. ಅದೇ 1.9 ಲೀಟರ್, ಅದೇ 44 ಗ್ರಾಂ.

ಲೆಕ್ಕದಲ್ಲಿ ಮೋಸವಿಲ್ಲ. ಊಹೆಯಲ್ಲಿದೆ ಎಡವಟ್ಟು. ಪ್ರತಿ ರಾತ್ರಿ ಚಾರ್ಜಿಗೆ ಹಾಕುವ, ದಿನಕ್ಕೆ 30 ಕಿಲೋಮೀಟರ್ ಓಡುವ ಮನೆಯವರಿಗೆ ಲೀಟರಿಗೆ 52 ಎನ್ನುವುದು ಕಡಿಮೆಯೇ. ಅವರು ವಾರಗಟ್ಟಲೆ ಪೆಟ್ರೋಲ್ ಬಂಕಿನತ್ತ ಸುಳಿಯಬೇಕಿಲ್ಲ. ಪ್ಲಗ್ ಮುಟ್ಟದೆ ಹೆದ್ದಾರಿಯಲ್ಲೇ ಓಡಿಸುವವರಿಗೆ ಸಿಗುವುದು ಅದರ ಕಾಲು ಭಾಗ. ಅವರು ಬ್ಯಾಟರಿ, ಮೋಟರುಗಳ ತೂಕವನ್ನು ಪೆಟ್ರೋಲಿನ ಖರ್ಚಿನಲ್ಲಿ ಹೊತ್ತು ಓಡಾಡುತ್ತಾರೆ, ಅಷ್ಟೆ. ಚಳಿದೇಶದಲ್ಲಿ ಇನ್ನೂ ಒಂದು ತೊಡಕು. ಹೀಟರ್ ಹಾಕಿದರೆ ಬ್ಯಾಟರಿಯ ಓಟ 52ರಿಂದ ಬಹಳಷ್ಟು ಕೆಳಗಿಳಿಯುತ್ತದೆ. ವಿದ್ಯುತ್ ಹೀಟರ್ ಇಲ್ಲದ ಅಗ್ಗದ ಮಾದರಿಯಲ್ಲಿ ಒಳಗೆ ಬೆಚ್ಚಗಾಗಲು ಎಂಜಿನ್ನೇ ಚಾಲೂ ಆಗಬೇಕಿತ್ತು.

ಊಹೆಯ ಈ ಎಡವಟ್ಟು ಬ್ರಿಟನ್ನಿನಲ್ಲಿ ಕಣ್ಣಿಗೆ ರಾಚುವಂತೆ ಬಯಲಾಯಿತು. 2014ರಲ್ಲಿ ಅಲ್ಲಿ ಕಾರು ಬಿಡುಗಡೆಯಾದಾಗ ಸರ್ಕಾರದ 5,000 ಪೌಂಡ್ ಸಹಾಯಧನ ಕಳೆದು ಬೆಲೆ 28,249 ಪೌಂಡ್, ಡೀಸೆಲ್ ಔಟ್‌ಲ್ಯಾಂಡರ್‌ನಷ್ಟೇ. ಚಾರ್ಜ್ ಮಾಡಬಲ್ಲ ಕಾರುಗಳಲ್ಲಿ ಅದೇ ಅಲ್ಲಿ ಅತಿ ಹೆಚ್ಚು ಮಾರಾಟವಾಯಿತು. ಕೊಂಡವರಲ್ಲಿ ಕಂಪನಿಗಳ ಪಾಲು ದೊಡ್ಡದು, ಅಲ್ಲೂ ತೆರಿಗೆಯ ಲಾಭವೇ ಕಾರಣ. 2018ರಲ್ಲಿ, ಕಂಪನಿ ಕಾರುಗಳ ಲೆಕ್ಕ ಇಡುವ ಒಂದು ಸಂಸ್ಥೆ ಹಲವು ಬ್ರ್ಯಾಂಡುಗಳ ಪ್ಲಗ್-ಇನ್ ಕಾರುಗಳ ಇಂಧನ ಬಳಕೆಯನ್ನು ಬಿಚ್ಚಿಟ್ಟಿತು. ಸರಾಸರಿ ಮೈಲೇಜು ಲೀಟರಿಗೆ ಸುಮಾರು 14 ಕಿಲೋಮೀಟರ್, ಜಾಹೀರಾತಿನಲ್ಲಿ ಹೇಳಿದ್ದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಕೆಲವು ಕಾರುಗಳ ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿ, ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಹಾಗೇ ಇತ್ತು. ಅದೇ ವರ್ಷ ಬ್ರಿಟನ್ ಪ್ಲಗ್-ಇನ್ ಹೈಬ್ರಿಡ್‌ಗಳ ಸಹಾಯಧನ ನಿಲ್ಲಿಸಿತು.

ಇದು ಒಂದು ದೇಶದ ಕಥೆಯಷ್ಟೇ ಅಲ್ಲ. ಸಾರಿಗೆ ಸಂಶೋಧನಾ ಸಂಸ್ಥೆ ಐಸಿಸಿಟಿ ಮತ್ತು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಮಾಲೀಕರ ಪ್ಲಗ್-ಇನ್ ಕಾರುಗಳು 100 ಕಿಲೋಮೀಟರಿಗೆ 4ರಿಂದ 4.4 ಲೀಟರ್ ಸುಡುತ್ತಿದ್ದರೆ, ಕಂಪನಿ ಕಾರುಗಳು 7.6ರಿಂದ 8.4 ಲೀಟರ್ ಸುಡುತ್ತಿದ್ದವು. ತಂತ್ರಜ್ಞಾನ ಒಂದೇ ಆದರೂ ಬಳಕೆ ಎರಡು ಪಟ್ಟು. ಸ್ವಂತ ಜೇಬಿನಿಂದ ಪೆಟ್ರೋಲಿಗೆ ಕೊಡುವವರು ಪ್ಲಗ್ ಹಾಕುತ್ತಾರೆ. ಕಂಪನಿಯ ಫ್ಯುಯೆಲ್ ಕಾರ್ಡ್ ಇರುವವರು ಬಂಕಿಗೆ ಹೋಗುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕೊಳ್ಳುವುದಕ್ಕೆ ಬಹುಮಾನವಿತ್ತು, ಚಾರ್ಜ್ ಮಾಡುವುದಕ್ಕೆ ಇರಲಿಲ್ಲ.

ಹಾಗೆಂದು ಕಾರನ್ನೇ ಹಳಿದರೆ ಅನ್ಯಾಯವಾದೀತು. 2011ರ ಭೂಕಂಪ, ಸುನಾಮಿಯ ನಂತರ ಈಶಾನ್ಯ ಜಪಾನಿನಲ್ಲಿ ಪೆಟ್ರೋಲ್ ಸಿಗದೆ ಹೋದಾಗ, ಕರೆಂಟ್ ಮರಳಿದ ಕಡೆ ಓಡಾಡಲು ಮಿತ್ಸುಬಿಷಿ ತನ್ನ ಪುಟ್ಟ ಐ-ಮೀವ್ ವಿದ್ಯುತ್ ಕಾರುಗಳನ್ನು ಕಳಿಸಿತ್ತು. ಅಲ್ಲಿಂದ ಬಂದ ಬೇಡಿಕೆ ಒಂದೇ: ಈ ಕಾರಿನ ಬ್ಯಾಟರಿಯಿಂದ ಅನ್ನ ಬೇಯಿಸಲು, ಬೆಚ್ಚಗಿರಲು ಕರೆಂಟ್ ತೆಗೆಯಲಾದೀತೇ? ಆಗ ಅದಕ್ಕೆ ದಾರಿ ಇರಲಿಲ್ಲ. ಔಟ್‌ಲ್ಯಾಂಡರ್ ಪಿಎಚ್‌ಇವಿಯಲ್ಲಿ ಕಂಪನಿ 1,500 ವ್ಯಾಟ್ ಕೊಡುವ, ಮನೆಯಲ್ಲಿರುವಂಥದೇ ಸಾಕೆಟ್ಟನ್ನು ಕೊಟ್ಟಿತು. ರೈಸ್ ಕುಕ್ಕರ್ ಹಾಕಬಹುದು, ದೀಪ ಹಾಕಬಹುದು. ಬ್ಯಾಟರಿ ಇಳಿದರೆ ಎಂಜಿನ್ ಶುರುವಾಗಿ ಮತ್ತೆ ತುಂಬುತ್ತದೆ. ಟ್ಯಾಂಕ್, ಬ್ಯಾಟರಿ ಎರಡೂ ತುಂಬಿದ್ದರೆ ಒಂದು ಸಾಮಾನ್ಯ ಜಪಾನಿ ಮನೆಗೆ ಹತ್ತು ದಿನದವರೆಗೆ ಸಾಕಾಗುವಷ್ಟು ಕರೆಂಟ್ ಎಂದು ಕಂಪನಿ ಹೇಳುತ್ತದೆ. ಬರೀ ಬ್ಯಾಟರಿಯ ಕಾರಿಗೆ ಸಾಧ್ಯವಾಗದ, ಬರೀ ಪೆಟ್ರೋಲ್ ಕಾರಿಗೆ ಯಾರೂ ಯೋಚಿಸದ ಗುಣ ಇದು.

ಕಾರೂ ಬೆಳೆದಿದೆ. 2019ರ ಮಾದರಿಗೆ 2.4 ಲೀಟರ್ ಎಂಜಿನ್, 13.8 ಯೂನಿಟ್ ಬ್ಯಾಟರಿ ಬಂತು. 2021ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಹೊಸ ಪೀಳಿಗೆಯಲ್ಲಿ ಬ್ಯಾಟರಿ 20 ಯೂನಿಟ್, ಮುಂದಿನ ಮೋಟರ್ 85 ಕಿಲೋವ್ಯಾಟ್, ಹಿಂದಿನದು 100. ಕಳೆದುಹೋಗಿದ್ದ ಮೂರನೇ ಸಾಲಿನ ಸೀಟು ಮರಳಿ ಬಂತು. ತೂಕ ಮಾತ್ರ 2 ಟನ್ ದಾಟಿತು. ಜಪಾನಿನ ಪರೀಕ್ಷೆಯಲ್ಲಿ ಅದು ಕರೆಂಟಿನಲ್ಲೇ 80 ಕಿಲೋಮೀಟರಿಗಿಂತ ಹೆಚ್ಚು ಓಡುತ್ತದೆ. ಇನ್ನಷ್ಟು ಬಿಗಿಯಾದ ಅಮೆರಿಕದ ಪರೀಕ್ಷೆ ಅದೇ ಕಾರಿಗೆ ಕೊಟ್ಟದ್ದು 38 ಮೈಲು, ಅಂದರೆ 61 ಕಿಲೋಮೀಟರ್. ಕೊಳ್ಳುವವರು ನಂಬಿ ಲೆಕ್ಕ ಹಾಕಬೇಕಾದದ್ದು ಈ ಎರಡನೇ ಅಂಕಿಯನ್ನು. 2024ರಲ್ಲಿ ಬ್ಯಾಟರಿ 22.7 ಯೂನಿಟ್‌ಗೆ ಏರಿದೆ.

ಭಾರತದಲ್ಲಿ ಇಂಥ ಕಾರಿನ ರುಚಿ ಕಂಡವರು ಬೆರಳೆಣಿಕೆಯಷ್ಟು. 2016ರಲ್ಲಿ ಬಂದ ವೋಲ್ವೋ ಎಕ್ಸ್‌ಸಿ90 ಟಿ8, ಆಮೇಲೆ ಬಂದ ಬಿಎಂಡಬ್ಲ್ಯು ಎಕ್ಸ್‌ಎಂ, ಎರಡೂ ಕೋಟಿಯ ಮೇಲಿನ ಮಾತು. ಬಿಡದಿಯ ಕಾರ್ಖಾನೆಯಿಂದ ಹೊರಬರುವ ಟೊಯೊಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಲೀಟರಿಗೆ 23.24 ಕಿಲೋಮೀಟರಿನ ಪ್ರಮಾಣಿತ ಮೈಲೇಜು ಪಡೆದಿದೆ, ಆದರೆ ಅದಕ್ಕೆ ಪ್ಲಗ್ ಇಲ್ಲ. ಅದರ ಬ್ಯಾಟರಿ ತುಂಬುವುದು ಎಂಜಿನ್ನಿನಿಂದ, ಬ್ರೇಕಿನಿಂದ. ತೆರಿಗೆಯೂ ಮಧ್ಯದ ದಾರಿಗೆ ಮುಳ್ಳಾಗಿದೆ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5. ದೊಡ್ಡ ಹೈಬ್ರಿಡ್‌ಗೆ, ಪ್ಲಗ್ ಇರಲಿ ಬಿಡಲಿ, 2025ರ ಸೆಪ್ಟೆಂಬರ್‌ವರೆಗೆ ಸೆಸ್ ಸೇರಿ ಶೇ 43 ಇತ್ತು, ಈಗ ಶೇ 40.

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಸಂಸಾರಕ್ಕೆ, ವಾರಾಂತ್ಯದಲ್ಲಿ ಚಾರ್ಜರಿನ ಚಿಂತೆಯಿಲ್ಲದೆ ಶಿರಸಿಗೋ ಮಡಿಕೇರಿಗೋ ಹೊರಡುವವರಿಗೆ ಈ ಬಗೆಯ ಕಾರು ಹೇಳಿ ಮಾಡಿಸಿದಂತಿದೆ. ಬೇಸ್‌ಮೆಂಟಿನ ಕಂಬಕ್ಕೊಂದು 15 ಆ್ಯಂಪಿಯರ್ ಸಾಕೆಟ್ ಇದ್ದರೆ 20 ಯೂನಿಟ್ ಬ್ಯಾಟರಿ ಒಂದೇ ರಾತ್ರಿಯಲ್ಲಿ ತುಂಬುತ್ತದೆ. ಆದರೆ ಕಣ್ಣುಮುಚ್ಚಿ ತೆರಿಗೆ ಇಳಿಸಿದರೆ ಬ್ರಿಟನ್ನಿನ ಪಾಡೇ ನಮಗೂ. ದಾರಿ ಯುರೋಪಿನಲ್ಲೇ ಸಿದ್ಧವಾಗಿದೆ. 2021ರಿಂದ ಅಲ್ಲಿ ಮಾರಾಟವಾಗುವ ಹೊಸ ಕಾರುಗಳು ತಾವು ನಿಜವಾಗಿ ಸುಟ್ಟ ಇಂಧನವನ್ನು, ಪ್ಲಗ್-ಇನ್ ಆದರೆ ಗ್ರಿಡ್‌ನಿಂದ ಪಡೆದ ಕರೆಂಟನ್ನೂ ತಮ್ಮೊಳಗೇ ದಾಖಲಿಸಿಕೊಳ್ಳಬೇಕು. ಆ ದಾಖಲೆಗಳನ್ನು ಜೋಡಿಸಿದ ಯುರೋಪಿಯನ್ ಕಮಿಷನ್, ಪ್ಲಗ್-ಇನ್ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲ ಪ್ರಯೋಗಾಲಯದ ಅಂಕಿಯ ಮೂರೂವರೆ ಪಟ್ಟು ಎಂದು 2024ರಲ್ಲಿ ಹೇಳಿತು. ಕರೆಂಟಿನಲ್ಲಿ ಓಡುವ ದೂರದ ಪಾಲನ್ನು ಮೊದಲಿಗಿಂತ ಕಡಿಮೆ ಎಂದು ಹಿಡಿಯುವ ಹೊಸ ಸೂತ್ರ 2025ರಿಂದ ಜಾರಿಗೆ ಬಂದಿದೆ. ನಮ್ಮಲ್ಲಿ ಪ್ಲಗ್-ಇನ್ ಕಾರಿಗೆ ರಿಯಾಯಿತಿ ಕೊಡುವುದೇ ಆದರೆ ಶೋರೂಮಿನ ಬಾಗಿಲಲ್ಲಿ ಒಂದೇ ಸಲ ಕೊಡುವುದು ಬೇಡ. ವರ್ಷಕ್ಕೊಮ್ಮೆ ಆ ದಾಖಲೆ ಓದಿ, ಗೋಡೆಯ ಸಾಕೆಟ್ಟಿನಿಂದ ತುಂಬಿಸಿಕೊಂಡ ಪ್ರತಿ ಯೂನಿಟ್‌ಗೆ ಇಷ್ಟು ಎಂದು ಮಾಲೀಕರ ಖಾತೆಗೆ ಹಾಕಲಿ.