ಸಿಮ್ಲಾ ಆಫೀಸಿನ ಚಳಿಗೆ ಮೆಂತ್ಯದ ಹಿಟ್ಟು

ಪುಣೆಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಶಿವಾಜಿನಗರದ ಒಂದು ಬಸ್ ನಿಲ್ದಾಣಕ್ಕೆ ಸಿಮ್ಲಾ ಆಫೀಸ್ ಎಂದೇ ಹೆಸರು. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದಾಗ ಅಂಟಿಕೊಂಡ ಹೆಸರದು. ಕಚೇರಿ ಮುಂದೆ ದೆಹಲಿಗೆ ಹೋಯಿತು, ಹೆಸರು ಹೋಗಲಿಲ್ಲ. ಜನವರಿಯ ಬೆಳಗಿನ ಏಳು ಗಂಟೆಗೆ ಅಲ್ಲಿ ಇಳಿದಾಗ ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. 1935ರ ಜನವರಿ 17ರಂದು ಇದೇ ಊರಿನಲ್ಲಿ ಉಷ್ಣಾಂಶ 1.7 ಡಿಗ್ರಿಗೆ ಇಳಿದಿತ್ತೆಂದು ಓದಿದ್ದು ನೆನಪಾಯಿತು.

ನಾನು ಹೊರಟಿದ್ದು ಕಾಕು ಮನೆಗೆ. ಧಾರವಾಡದವರು, ಮದುವೆಯಾಗಿ ಬಂದು ಪುಣೆಯಲ್ಲೇ ಐವತ್ತು ವರ್ಷ ಕಳೆದವರು. ಬಾಗಿಲು ತೆಗೆದವರೇ, "ಕೈ ಎಷ್ಟ ತಣ್ಣಗಾಗ್ಯಾವಪಾ! ಮೊದಲ ಎರಡ ತುತ್ತು ಉಣ್ಣು, ಆಮ್ಯಾಲ ಮಾತು" ಎಂದರು.

ಒಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಅಂಬೆಮೋಹರ ಅಕ್ಕಿ, ಒಂದಕ್ಕೆ ನಾಲ್ಕು ಪಾಲು ನೀರಿನಲ್ಲಿ ಕುದಿಯುತ್ತಿತ್ತು. ಮಾವಿನ ಹೂವಿನ ಪರಿಮಳದಿಂದಲೇ ಹೆಸರು ಪಡೆದ ಅಕ್ಕಿ, ಪಕ್ಕದ ಮುಳಶಿ ಸೀಮೆಯದು. ಹೀಗೆ ಮೆತ್ತಗೆ ಬೆಂದ ಅನ್ನಕ್ಕೆ ಮರಾಠಿಯಲ್ಲಿ 'ಗುರಗುಟ್ಯಾ ಭಾತ್' ಎನ್ನುತ್ತಾರೆ. ಆ ಪಾತ್ರೆಯ ಸದ್ದು ಕೇಳಿದರೆ ಹೆಸರಿಗೆ ಅರ್ಥ ಹುಡುಕುವ ಕೆಲಸವೇ ಇಲ್ಲ. ಕಾಕು ಅನ್ನದ ನಡುವೆ ಗುಳಿ ಮಾಡಿ ತುಪ್ಪ ಸುರಿದರು, ಉಪ್ಪು ಉದುರಿಸಿದರು, ಡಬ್ಬಿಯಿಂದ ಒಂದು ಚಮಚ ಹಳದಿ ಪುಡಿ ಹಾಕಿದರು.

ಆ ವಾಸನೆ ನನಗೆ ಗೊತ್ತಿತ್ತು. ಮೈಸೂರಿನಲ್ಲಿ ನಮ್ಮಮ್ಮನ ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇದ್ದದ್ದೂ ಇದೇ. ಅಲ್ಲಿ ಅದು ಮೆಂತ್ಯದ ಹಿಟ್ಟು, ಇಲ್ಲಿ ಮೇತಕೂಟ. "ತವರಿನ್ಯಾಗ ಮೆಂತೆ ಹಿಟ್ಟು ಅಂತಿದ್ವಿ. ಇಲ್ಲೆ ಬಂದು ಅತ್ತಿಯವರ ಡಬ್ಬಿ ತೆಗದು ನೋಡಿದೆ, ಅದs ಐತಿ! ಅವತ್ತ ಈ ಮನಿ ನಂದು ಅನಿಸಿತು" ಎಂದರು ಕಾಕು.

ಎರಡೂ ಊರುಗಳ ನಂಟು ಹಳೆಯದು. ಬ್ರಿಟಿಷರ ಕಾಲದಲ್ಲಿ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಓದಲು ಪುಣೆಗೆ ಬರುವುದು ವಾಡಿಕೆಯಾಗಿತ್ತು. ಮನೆಮಾತು ಮರಾಠಿಯಾಗಿದ್ದ ಧಾರವಾಡದ ಕವಿ ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿದರು. ಸಂಗೀತ, ಸೊಸೆಯಂದಿರು, ಪುಡಿಡಬ್ಬಿಗಳು ಎಲ್ಲವೂ ಇದೇ ದಾರಿಯಲ್ಲಿ ಎರಡೂ ಕಡೆ ಓಡಾಡಿದವು. ಡಬ್ಬಿ ಮೊದಲು ಯಾರದು ಎಂದು ಜಗಳವಾಡುವವರಿದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿಯಿಲ್ಲ.

ನನ್ನ ಆಸಕ್ತಿ ಹೆಸರಿನದು. ಪುಡಿಯಲ್ಲಿ ಒಂದು ಬಟ್ಟಲು ಕಡಲೆಬೇಳೆ, ಅರ್ಧ ಬಟ್ಟಲು ಉದ್ದಿನಬೇಳೆ, ಕಾಲು ಕಾಲು ಬಟ್ಟಲು ಅಕ್ಕಿ, ಗೋಧಿ ಇವೆ. ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ, ಒಣಶುಂಠಿ, ಅರಿಶಿನ, ಇಂಗು ಇವೆ. ಮೆಂತ್ಯ ಮಾತ್ರ ಒಂದೇ ಚಮಚ. ಆದರೂ ಎರಡು ಭಾಷೆಯವರೂ ಕಡಲೆಬೇಳೆಯನ್ನು ಬಿಟ್ಟು ಆ ಒಂದು ಚಮಚಕ್ಕೇ ಹೆಸರು ಕೊಟ್ಟರು! ಮರಾಠಿಯಲ್ಲಿ 'ಕೂಟ' ಎಂದರೆ ಕುಟ್ಟಿದ ಪುಡಿ; ಶೇಂಗಾ ಪುಡಿಗೂ ಅಲ್ಲಿ ಕೂಟ ಎಂದೇ ಹೆಸರು. ನಮ್ಮ 'ಕುಟ್ಟು' ಎಷ್ಟು ಹತ್ತಿರದಲ್ಲಿದೆ ನೋಡಿ. ಇಬ್ಬರಿಗೆ ಗಾಢ ಸ್ನೇಹವಾದರೆ ಅವರ ಮೇತಕೂಟ ಕೂಡಿಬಂತು ಎಂದು ಮರಾಠಿಗರು ಹೇಳುತ್ತಾರೆ. ಬೇರೆ ಬೇರೆ ಹುರಿದ ಹತ್ತು ಕಾಳು ಒಂದೇ ಡಬ್ಬಿಯಲ್ಲಿ ಒಂದೇ ರುಚಿಯಾಗುವುದನ್ನು ದಿನವೂ ಕಂಡವರಿಗೇ ಹೊಳೆಯುವ ಮಾತಿದು. ಎರಡು ದಿನ ಇದನ್ನೇ ಮೆಲುಕು ಹಾಕಿದೆ.

ಬೇರೆ ಬೇರೆ ಹುರಿಯುವುದರಲ್ಲೇ ಎಲ್ಲವೂ ಇದೆ. ಅಕ್ಕಿಗೆ ಬೇಕಾದ ಹೊತ್ತು ಉದ್ದಿಗೆ ಬೇಡ. ಮೆಂತ್ಯ ಕೆಂಪಗಾಗುತ್ತಲೇ ಇಳಿಸಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಎಲ್ಲವೂ ಪೂರ್ತಿ ಆರಿದ ಮೇಲೆ ಗಿರಣಿಗೆ. ಅಂಗಡಿಯ ಪೊಟ್ಟಣಗಳನ್ನು ತಂದು ನೋಡಿದ್ದೇನೆ; ಹೆಚ್ಚಿನವುಗಳಲ್ಲಿ ಹಸಿ ಕಡಲೆಹಿಟ್ಟಿನ ವಾಸನೆ. ಇದು ಸಕ್ಕರೆಕಾಯಿಲೆಗೆ ಔಷಧ ಎಂಬ ಪ್ರಚಾರವನ್ನೂ ನಾನು ಒಪ್ಪುವುದಿಲ್ಲ. ಅನ್ನದ ಮೇಲೆ ಒಂದು ಚಮಚ ಉದುರಿಸಿಕೊಳ್ಳುವ ಪುಡಿಯಲ್ಲಿ ಮೆಂತ್ಯ ಎಷ್ಟಿದ್ದೀತು?

ಡಬ್ಬಿಯಲ್ಲಿ ಉಳಿದ ಪುಡಿಯನ್ನು ಕಾಕು ಮಧ್ಯಾಹ್ನ ಮೊಸರಿನಲ್ಲಿ ಕಲಸಿ, ಹಸಿ ಈರುಳ್ಳಿ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರು. ಮೈಸೂರಿನಲ್ಲಿ ನಾವು ಅದನ್ನೇ ಗೊಜ್ಜು ಎನ್ನುತ್ತೇವೆ. ಅಷ್ಟರಲ್ಲಿ ಟೊರೊಂಟೊದಿಂದ ಅವರ ಮಗಳ ಫೋನ್. ಅಲ್ಲಿ ರಾತ್ರಿ, ಕಿಟಕಿಯಾಚೆ ಹಿಮ. "ಅಮ್ಮಾ, ಡಬ್ಬಿ ತಳಾ ಕಾಣಾಕತ್ತೇತಿ" ಎಂದಳು. ಕಾಕು ಆಗಲೇ ಕಡಲೆಬೇಳೆ ಅಳೆಯತೊಡಗಿದ್ದರು.

ನಿಮ್ಮ ಊರಿನ ಚಳಿ ಮುಗಿಯುವ ಮೊದಲು ಒಂದು ಭಾನುವಾರ ಬಾಣಲೆ ಇಡಿ. ಉರಿ ಸಣ್ಣದಿರಲಿ; ಮೆಂತ್ಯ ಹುರಿಯುವಾಗ ಮಾತ್ರ ಫೋನ್ ಎತ್ತಬೇಡಿ.