ಹಳೇ ಮೊಬೈಲ್, ಕೆಟ್ಟ ಟಿವಿ ಗುಜರಿಗೆ ಹೋದ ಮೇಲೆ ಏನಾಗುತ್ತೆ? ಅಂಗಡಿಯವರಿಗೆ ಗೊತ್ತಿರಬೇಕಾದ ವಿಷಯ

ಯಾವುದೇ ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಸುತ್ತ ಒಂದು ರೌಂಡ್ ಹಾಕಿದರೆ ಸಾಲಾಗಿ ಮೊಬೈಲ್ ರಿಪೇರಿ ಅಂಗಡಿಗಳು ಸಿಗುತ್ತವೆ. ಕೌಂಟರ್ ಕೆಳಗೆ ಒಂದು ರಟ್ಟಿನ ಡಬ್ಬ ಇದ್ದೇ ಇರುತ್ತೆ. ಒಡೆದ ಡಿಸ್‌ಪ್ಲೇ, ಸತ್ತ ಬೋರ್ಡ್, ಉಬ್ಬಿದ ಬ್ಯಾಟರಿ, ತುಂಡಾದ ಚಾರ್ಜರ್ ವೈರ್ ಎಲ್ಲಾ ಅದರೊಳಗೇ. ಡಬ್ಬ ತುಂಬಿದ ದಿನ ಗುಜರಿಯವರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟರೆ ಟೀ ಖರ್ಚಿಗೆ ಕಾಸು ಬರುತ್ತೆ. ಟಿವಿ, ಮಿಕ್ಸಿ, ಕಂಪ್ಯೂಟರ್ ಅಂಗಡಿಗಳಲ್ಲೂ ಇದೇ ಕತೆ. ಅಂಗಡಿಯವರ ಲೆಕ್ಕ ಅಲ್ಲಿಗೆ ಮುಗೀತು. ಡಬ್ಬದ ಪ್ರಯಾಣ ಶುರುವಾಗೋದೇ ಅಲ್ಲಿಂದ.

ಇದರಲ್ಲಿ ಗುಜರಿಯವರನ್ನು ಬೈದು ಪ್ರಯೋಜನ ಇಲ್ಲ. ಮನೆ ಬಾಗಿಲಿಗೆ ಬಂದು, ದುಡ್ಡು ಕೊಟ್ಟು ಕಸ ಒಯ್ಯೋರು ಊರಲ್ಲಿ ಅವರೊಬ್ಬರೇ. ತೊಂದರೆ ಇರೋದು ಸಾಮಾನು ಬಿಚ್ಚುವ ರೀತಿಯಲ್ಲಿ. ವೈರಿನ ಪ್ಲಾಸ್ಟಿಕ್ ಸುಲಿದು ತಾಮ್ರ ತೆಗೆಯೋಕೆ ಹೊತ್ತು ಬೇಕು, ಕೂಲಿ ಬೇಕು. ಬೆಂಕಿ ಹಚ್ಚೋಕೆ ಒಂದು ಕಡ್ಡಿ ಸಾಕು. ಆ ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಅನ್ನೋ ವಿಷ ಇರುತ್ತೆ, ಅದು ಕ್ಯಾನ್ಸರ್ ತರುವಂಥದ್ದು. ಹಳೇ ಡಬ್ಬಾ ಟಿವಿಯ ಕತೆ ಇನ್ನೂ ಕೆಟ್ಟದ್ದು. ಹಿಂದಿನ ತಾಮ್ರದ ಕಾಯಿಲ್ ಕಿತ್ತುಕೊಂಡು ಪಿಕ್ಚರ್ ಟ್ಯೂಬ್ ಒಡೆದು ಹಳ್ಳಕ್ಕೆ ಎಸೀತಾರೆ. ಆ ಗಾಜಿನಲ್ಲಿ ಸೀಸ ಇದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ, ಅದಕ್ಕೆ 'ಇಷ್ಟು ಇದ್ದರೆ ಪರವಾಗಿಲ್ಲ' ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಬೋರ್ಡ್‌ಗಳಿಗೆ ಬೇರೆ ರೇಟು, ಬೇರೆ ದಾರಿ. ದೇಶದ ನಾನಾ ಕಡೆಯಿಂದ ಕೈ ಬದಲಾಯಿಸುತ್ತಾ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್‌ನಂಥ ಕಡೆ ಹೋಗಿ ಸೇರುತ್ತವೆ. ಮೊರಾದಾಬಾದ್ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು, ಲೋಹ ಕರಗಿಸೋದು ಅಲ್ಲಿನ ಜನಕ್ಕೆ ಕರಗತ. ಬೋರ್ಡ್ ಸುಟ್ಟು, ಆಸಿಡ್‌ನಲ್ಲಿ ಅದ್ದಿ ತಾಮ್ರ, ಬೆಳ್ಳಿ, ಚಿನ್ನ ತೆಗೀತಾರೆ. ಉಳಿದ ಕಪ್ಪು ಬೂದಿ ರಾಮಗಂಗಾ ನದಿ ದಂಡೆಯಲ್ಲಿ ಬಿತ್ತು. ಕೊನೆಗೆ 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ದಂಡೆಯಲ್ಲಿ ಈ ಕಸ ಹಾಕಿದವರಿಗೆ 1 ಲಕ್ಷ ರೂಪಾಯಿ ದಂಡ ಅಂತ ಆದೇಶ ಮಾಡಬೇಕಾಯಿತು.

ಇಷ್ಟೆಲ್ಲಾ ಯಾಕೆ ಮಾಡ್ತಾರೆ ಅಂದ್ರೆ ಮಾಲು ಇದೆ. ನಮ್ಮ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗೋದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೇ ಮೊಬೈಲ್‌ನಲ್ಲಿ ಅದರ ಹತ್ತಾರು ಪಟ್ಟು ಇರುತ್ತೆ. ಬಕೆಟ್‌ನಲ್ಲಿ ಆಸಿಡ್ ಹಾಕಿ ತೆಗೆದಾಗ ಅದರಲ್ಲಿ ಒಂದಷ್ಟು ಹಾಳಾಗುತ್ತೆ, ಸಣ್ಣಪುಟ್ಟ ಬೆಲೆಬಾಳುವ ಲೋಹಗಳಂತೂ ಬೂದಿ ಜೊತೆಗೇ ಹೋಗುತ್ತವೆ. ಅಂದ್ರೆ ಆರೋಗ್ಯಾನೂ ಹೋಯ್ತು, ಮಾಲೂ ಹೋಯ್ತು.

ಸರಿಯಾದ ದಾರಿ ಇಲ್ಲ ಅಂತೇನಿಲ್ಲ. ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ಶುರುವಾಗಿದ್ದು ನಮ್ಮದೇ ರಾಜ್ಯದಲ್ಲಿ, ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯಲ್ಲಿ. ಇಂಥ ಕಡೆ ಬಿಚ್ಚುವವರಿಗೆ ಮಾಸ್ಕ್, ಗ್ಲೌಸ್, ಹೊಗೆ ಹೀರುವ ವ್ಯವಸ್ಥೆ ಇರಬೇಕು ಅನ್ನೋದು ನಿಯಮ. ಆದರೂ ಕೇಂದ್ರ ಸರ್ಕಾರದ್ದೇ ಲೆಕ್ಕದಲ್ಲಿ 2021-22ರಲ್ಲಿ ದೇಶದಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 16 ಲಕ್ಷ ಟನ್, ಅಧಿಕೃತ ಘಟಕಗಳಿಗೆ ಬಂದಿದ್ದು ಸುಮಾರು 5.27 ಲಕ್ಷ ಟನ್. ಮೂರರಲ್ಲಿ ಒಂದು ಪಾಲೂ ಇಲ್ಲ.

ಕಾನೂನು ಏನು ಹೇಳುತ್ತೆ? 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಲ್ಲಿದೆ. ಮಾಲು ತಯಾರಿಸಿದ, ಆಮದು ಮಾಡಿದ ಕಂಪನಿಯೇ ಅದರ ಕಸಕ್ಕೂ ಹೊಣೆ. ಹಿಂದೆ ಮಾರಿದ್ದರಲ್ಲಿ ಆಯುಷ್ಯ ಮುಗಿದ ಮಾಲಿನ ಶೇ. 60ರಷ್ಟನ್ನು ಮೊದಲೆರಡು ವರ್ಷ ರೀಸೈಕಲ್ ಮಾಡಿಸಬೇಕು, 2025-26ರಿಂದ ಶೇ. 70, 2027-28ರಿಂದ ಶೇ. 80. ಕೇಳೋಕೆ ಚೆನ್ನಾಗಿದೆ. ಆದರೆ ಕಂಪನಿ ಇದನ್ನು ಮಾಡಿ ತೋರಿಸೋದು ರೀಸೈಕಲ್ ಘಟಕದಿಂದ ಸರ್ಟಿಫಿಕೇಟ್ ಖರೀದಿಸಿ. ಆ ಘಟಕ ಮಾಲನ್ನು ದೊಡ್ಡ ಊರಿನ ಕಂಪನಿ, ಬ್ಯಾಂಕ್, ಕಾಲೇಜುಗಳಿಂದ ಲಾರಿಗಟ್ಟಲೆ ತಂದರೂ ನಡೆಯುತ್ತೆ. 2016ರ ನಿಯಮದಲ್ಲಿ ಸಂಗ್ರಹ ಕೇಂದ್ರ, ಡೀಲರ್ ಜವಾಬ್ದಾರಿ ಅಂತ ಬೇರೆಯಾಗಿ ಬರೆದಿತ್ತು, ಹೊಸದರಲ್ಲಿ ಆ ಭಾಗ ಕೈಬಿಟ್ಟಿದ್ದಾರೆ. ಹಾಗಾಗಿ ಕೌಂಟರ್ ಕೆಳಗಿನ ಡಬ್ಬ ಕೇಳಿಕೊಂಡು ತಾಲೂಕಿಗೆ ಬರೋರು ಯಾರೂ ಇಲ್ಲ.

ಇದು ಸಾಧ್ಯವೇ ಇಲ್ಲದ ಕೆಲಸವಂತೂ ಅಲ್ಲ. ಯುಪಿಎಸ್ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿ ನೋಡಿ. ಹಳೇದು ಕೊಟ್ಟರೆ ಹೊಸದರಲ್ಲಿ ಇಷ್ಟು ಕಡಿಮೆ ಅಂತ ಡೀಲರ್ ಹೇಳ್ತಾನೆ, ಹಾಗಾಗಿ ಹಳೇ ಬ್ಯಾಟರಿ ತಿಪ್ಪೆಗೆ ಹಾಕೋರು ಕಾಣೋದೇ ಇಲ್ಲ. (ಅದರಲ್ಲೂ ಕದ್ದು ಕರಗಿಸೋರು ಇದ್ದಾರೆ ಅನ್ನೋದು ಬೇರೆ ಮಾತು.) ಟಿವಿ, ಫ್ರಿಜ್ ತುಂಬಿಕೊಂಡು ಬರುವ ಗಾಡಿ ಅಂಗಡಿ ಮುಂದೆ ಇಳಿಸಿ ಎಷ್ಟೋ ಸಲ ಖಾಲಿ ವಾಪಸ್ ಹೋಗುತ್ತೆ. ಅದೇ ಗಾಡಿಯಲ್ಲಿ ಕೆಟ್ಟ ಮಾಲು ಯಾಕೆ ಹೋಗಬಾರದು ಅಂತ ವ್ಯಾಪಾರಿಗಳು ಡಿಸ್ಟ್ರಿಬ್ಯೂಟರ್‌ನನ್ನು ಕೇಳಬಹುದು. ಒಬ್ಬರು ಕೇಳಿದರೆ ನಗ್ತಾರೆ, ಪೇಟೆಯವರೆಲ್ಲಾ ಸೇರಿ ಕೇಳಿದರೆ ಉತ್ತರ ಕೊಡಬೇಕಾಗುತ್ತೆ.

ಅಲ್ಲಿವರೆಗೆ ಅಂಗಡಿಯಲ್ಲೇ ಮಾಡಬಹುದಾದ್ದು ಇದೆ. ಮೊದಲನೆಯದು ಬ್ಯಾಟರಿ. ಅದನ್ನು ಡಬ್ಬದಿಂದ ಇವತ್ತೇ ಬೇರೆ ತೆಗೀರಿ. ಉಬ್ಬಿದ ಲಿಥಿಯಂ ಬ್ಯಾಟರಿ ಒತ್ತಿದರೆ, ಚುಚ್ಚಿದರೆ ಹೊತ್ತಿಕೊಳ್ಳುತ್ತೆ, ಪಕ್ಕದಲ್ಲೇ ರಟ್ಟು, ಪ್ಲಾಸ್ಟಿಕ್ ಕವರ್ ಇದ್ದರೆ ಅಂಗಡಿಗೆ ಅಂಗಡಿಯೇ ಹೋಗುತ್ತೆ. ತುದಿಗಳಿಗೆ ಟೇಪ್ ಸುತ್ತಿ, ತಗಡಿನ ಡಬ್ಬದಲ್ಲಿ ಒಣ ಮರಳು ಹಾಕಿ ಅದರೊಳಗಿಡಿ. ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬ್ ಒಡೀಬೇಡಿ, ಒಳಗೆ ಪಾದರಸ ಇದೆ. ಡಬ್ಬಾ ಟಿವಿ ಕೊಡೋದಿದ್ದರೆ ಇಡಿಯಾಗೇ ಕೊಡಿ. ಮೊಬೈಲ್ ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆದು ರೀಸೆಟ್ ಹೊಡೀರಿ, ಫೋಟೋ, ಯುಪಿಐ ಎಲ್ಲಾ ಅದರಲ್ಲೇ ಇರುತ್ತೆ.

ಕೊಡೋದು ಎಲ್ಲಿ ಅಂದ್ರೆ, ಮಾಲು ಯಾವ ಕಂಪನಿಯದ್ದೋ ಆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹಳೇದು ತಗೋತೀರಾ ಅಂತ ಮೊದಲು ವಿಚಾರಿಸಿ. ಅನುಮತಿ ಇರುವ ರೀಸೈಕಲ್ ಘಟಕಗಳ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತೆ. ಒಂದು ಡಬ್ಬಕ್ಕೆ ಬೆಂಗಳೂರಿಂದ ಗಾಡಿ ಬರೋದು ಕಷ್ಟ. ಹತ್ತಿಪ್ಪತ್ತು ಅಂಗಡಿಯವರು ಸೇರಿ ಒಂದು ಗೋಡೌನ್ ಮೂಲೆಯಲ್ಲಿ ಕೂಡಿಟ್ಟು ಫೋನ್ ಮಾಡಿದರೆ ಮಾತು ಬೇರೆ. ಊರಿನ ಗುಜರಿಯವರನ್ನೂ ಇದರಲ್ಲಿ ಸೇರಿಸಿಕೊಳ್ಳಿ, ಕೂಡಿಸಿ ತರೋದರಲ್ಲಿ ಅವರನ್ನು ಮೀರಿಸೋರಿಲ್ಲ. ಸುಡದೆ, ಒಡೆಯದೆ ತಂದರೆ ಅವರಿಗೂ ರೇಟು ಸಿಗಬೇಕು ಅನ್ನೋದನ್ನು ಘಟಕದವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮಾಲು ತೂಗಿದ ಮೇಲೆ ಘಟಕದ ಹೆಸರು, ತೂಕ, ತಾರೀಖು ಬರೆದ ರಸೀದಿ ಕೇಳಿ ಪಡೆಯಿರಿ.