ಡೆಮೊದಲ್ಲಿ ಓಡಿದ್ದು ಯಾವ ಯಂತ್ರ?

2005ರ ಮೇ ತಿಂಗಳು. ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ರ ಗೇಮ್‌ಗಳನ್ನ ಜನರಿಗೆ ಆಡೋಕೆ ಕೊಟ್ಟಿತ್ತು. ಆದರೆ ಅಲ್ಲಿ ಗೇಮ್ ಓಡ್ತಿದ್ದದ್ದು ಆ್ಯಪಲ್‌ನ ಪವರ್ ಮ್ಯಾಕ್ ಜಿ5 ಕಂಪ್ಯೂಟರ್ ಮೇಲೆ. ಹೌದು, ಮೈಕ್ರೋಸಾಫ್ಟ್ ಸ್ಟಾಲಲ್ಲಿ ಆ್ಯಪಲ್ ಯಂತ್ರ!

ಮೋಸನಾ? ಪೂರ್ತಿ ಅಲ್ಲ. ಕನ್ಸೋಲ್‌ನ ಚಿಪ್ ತಯಾರಾಗೋಕೆ ಮೊದಲೇ ಗೇಮ್ ಬರೆಯೋರು ಕೆಲಸ ಶುರು ಮಾಡಬೇಕು. ಅದಕ್ಕೇ ಹತ್ತಿರದ ಚಿಪ್ ಇರೋ ಯಂತ್ರವನ್ನ ಡೆವಲಪ್‌ಮೆಂಟ್ ಕಿಟ್ ಅಂತ ಕೊಡ್ತಾರೆ. 360 ಮತ್ತು ಜಿ5, ಎರಡರ ಪ್ರೊಸೆಸರೂ ಐಬಿಎಂ ಮಾಡಿದ ಪವರ್‌ಪಿಸಿ ಮನೆತನದವು. ಆಮೇಲೆ ಅಡ್ಡ ಬರೋದು ಬಿಸಿ ಮತ್ತು ಬೆಲೆ. ದೊಡ್ಡ ಟವರ್ ಒಳಗೆ ಫ್ಯಾನ್ ಮೇಲೆ ಫ್ಯಾನ್ ಹಾಕಬಹುದು, ಟಿವಿ ಕೆಳಗಿಡೋ ಡಬ್ಬಿಯಲ್ಲಿ ಆಗಲ್ಲ. ಅದೇ ವರ್ಷ ಸೋನಿ ಘೋಷಿಸಿದ ಪ್ಲೇಸ್ಟೇಷನ್ 3ಕ್ಕೆ ಎರಡು ಎಚ್‌ಡಿಎಂಐ, ಮೂರು ಈಥರ್ನೆಟ್ ಪೋರ್ಟ್ ಇತ್ತು. 2006ರ ನವೆಂಬರ್‌ನಲ್ಲಿ ಅಂಗಡಿಗೆ ಬಂದಾಗ ಎರಡೂ ಒಂದೊಂದೇ. ಸೋನಿ ಅವತ್ತು ತೋರಿಸಿದ ‘ಕಿಲ್‌ಜೋನ್’ ದೃಶ್ಯವಂತೂ ಮೊದಲೇ ರೆಂಡರ್ ಮಾಡಿಟ್ಟ ವಿಡಿಯೊ. ಇದನ್ನ ಮಾತ್ರ ನಾನು ಮೋಸದ ಪಕ್ಕದಲ್ಲೇ ಇಡ್ತೀನಿ.

ಯಂತ್ರ ಬದಲಾಗದೆ ಬೆಲೆ ಬದಲಾದರೂ ಅದೇ ಕಥೆ. ಅದನ್ನ ನೋಡೋಕೆ ಲಾಸ್ ಏಂಜಲೀಸ್‌ಗೆ ಹೋಗಬೇಕಿಲ್ಲ. 2001ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ ಸಿಂಪ್ಯೂಟರ್‌ನ ಮಾದರಿ ತೋರಿಸಿದ್ದರು. ಓದು ಬರಹ ಬರದವರೂ ಬಳಸಬಹುದಾದ, ಅಂಗೈಯಲ್ಲಿ ಹಿಡಿಯೋ ಕಂಪ್ಯೂಟರ್ ಅದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳು ಸೇರಿ ಮಾಡಿದ್ದು. ಬೆಲೆ ಸುಮಾರು 9,000 ರೂಪಾಯಿ ಅಂದಿದ್ದರು. ಆದರೆ ಅದರ ಹಿಂದೆ ಒಂದು ಷರತ್ತಿತ್ತು: ದೊಡ್ಡ ಸಂಖ್ಯೆಯಲ್ಲಿ ತಯಾರಾದರೆ. ಆ ಪ್ರಮಾಣದ ಆರ್ಡರ್ ಬರಲೇ ಇಲ್ಲ. 2004ರಲ್ಲಿ ಪಿಕೊಪೆಟಾ ಮತ್ತು ಬಿಇಎಲ್ ಸೇರಿ ‘ಅಮಿಡಾ’ ಹೆಸರಲ್ಲಿ ಮಾರಾಟಕ್ಕೆ ತಂದಾಗ ಕಡಿಮೆ ಬೆಲೆಯದ್ದೇ 10,000ದ ಹತ್ತಿರ, ಕಲರ್ ಸ್ಕ್ರೀನ್ ಬೇಕಂದ್ರೆ ಹೆಚ್ಚುಕಮ್ಮಿ ಎರಡರಷ್ಟು. ಹಳ್ಳಿಯವರಿಗೆ ಅಂತ ಮಾಡಿದ ಯಂತ್ರ ಅದು! (ನ್ಯಾಯಕ್ಕೆ ಇದನ್ನೂ ಹೇಳಬೇಕು: ಅಮಿಡಾದಲ್ಲಿ ಅಲುಗಾಟ ಗುರುತಿಸೋ ಸೆನ್ಸರ್ ಇತ್ತು, ಐಫೋನ್‌ಗೂ ಮೂರು ವರ್ಷ ಮುಂಚೆ.)

ಹಾಗಾಗಿ ಸಿದ್ದಾಪುರದ ರೂಮಲ್ಲಿ ಕೂತು ಕನ್ಸೋಲ್ ಪ್ರೀ-ಆರ್ಡರ್ ಮಾಡ್ತಿದ್ದರೂ ಸರಿ, ಮಂತ್ರಿಗಳು ವೇದಿಕೆ ಮೇಲೆ ಅಗ್ಗದ ಟ್ಯಾಬ್ಲೆಟ್ ಎತ್ತಿ ತೋರಿಸ್ತಿದ್ದರೂ ಸರಿ, ಕೇಳಬೇಕಾದ್ದು ಇಷ್ಟೇ: ಈಗ ಓಡ್ತಿರೋದು ಮಾರಾಟಕ್ಕೆ ಬರೋ ಯಂತ್ರದ ಮೇಲೇನಾ? ಹೇಳಿದ ಬೆಲೆ ಎಷ್ಟು ಯಂತ್ರ ತಯಾರಾದರೆ ಅನ್ನೋ ಲೆಕ್ಕದ್ದು? ಉತ್ತರ ಬರದಿದ್ದರೆ, ಅಂಗಡಿಯಿಂದ ಕೊಂಡು ತಂದ ಯಂತ್ರದ ವಿಮರ್ಶೆ ಬರೋವರೆಗೆ ದುಡ್ಡು ನಿಮ್ಮ ಹತ್ರಾನೇ ಇರಲಿ.